ಹಲ್ಲೆಲ್ಲ ಕೀಳಿಸಿದರೆ ಮರೆವು ನಿಲ್ಲುತ್ತಾ? ಒಂದು ಪ್ರಕರಣ

ತಾಯಿ ಬಂದದ್ದು ಹಲ್ಲು ಅಲ್ಲಾಡುತ್ತಿದೆ ಅಂತ. ಮಗ ಕರೆತಂದದ್ದು ಮರೆವು ನಿಲ್ಲಿಸಿ ಅಂತ. ರೋಗಿ ಒಬ್ಬರೇ, ಬೇಡಿಕೆ ಮಾತ್ರ ಎರಡು. ಒಸಡಿನ ಬ್ಯಾಕ್ಟೀರಿಯಾಕ್ಕೂ ಅಲ್ಝೈಮರ್ ಕಾಯಿಲೆಗೂ ನಂಟಿದೆ ಎಂಬ ಸುದ್ದಿ ಓದಿಕೊಂಡು ಬರುವ ಕುಟುಂಬಗಳು ಈಚೆಗೆ ಜಾಸ್ತಿ ಆಗಿವೆ. ಅವರಿಗೆ ಏನು ಹೇಳಬೇಕು, ಹೇಳಿದ ಮೇಲೆ ಏನು ಮಾಡಬೇಕು ಎಂಬುದರಲ್ಲಿ ನಮ್ಮ ಕಸುಬಿನವರಿಗೂ ಗೊಂದಲ ಇದೆ. ಅದಕ್ಕಾಗಿ ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ವಯಸ್ಸು, ಕೆಲಸ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ನಿರ್ಧಾರಗಳು ಮತ್ತು ಅವು ಬಂದ ಕ್ರಮ ಇದ್ದ ಹಾಗೇ ಇವೆ.

ಬಂದಾಗ ಹೇಗಿದ್ದರು

ವಯಸ್ಸು 68. ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತರಾದವರು. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ. ಮಗ, ಸೊಸೆಯ ಜೊತೆ ವಾಸ. ಹಲ್ಲುಜ್ಜಿದರೆ ರಕ್ತ ಬರುವುದು ಹಳೆಯ ಕಥೆ. ಎಲ್ಲರಿಗೂ ಬರುತ್ತೆ ಅಂದುಕೊಂಡು ಸುಮ್ಮನಿದ್ದರು.

ಬಾಯಲ್ಲಿ 24 ಹಲ್ಲು ಉಳಿದಿದ್ದವು. ಹಲ್ಲು ಮತ್ತು ಒಸಡಿನ ನಡುವಿನ ಸಂದಿ ಆರೋಗ್ಯವಂತರಲ್ಲಿ 3 ಮಿಲಿಮೀಟರ್ ಮೀರುವುದಿಲ್ಲ. ಇವರಿಗೆ ದವಡೆ ಹಲ್ಲುಗಳ ಸುತ್ತ 6, 7 ಮಿಲಿಮೀಟರ್ ಆಳದ ಪಾಕೆಟ್‌ಗಳಿದ್ದವು. ಎಕ್ಸ್‌ರೇಯಲ್ಲಿ ಹಲವು ಕಡೆ ಮೂಳೆ ಅರ್ಧಕ್ಕರ್ಧ ಕರಗಿತ್ತು. ಅಳತೆ ಕಡ್ಡಿ ಮುಟ್ಟಿಸಿದ ಕಡೆಯೆಲ್ಲ ರಕ್ತ. ಎರಡು ಹಲ್ಲುಗಳನ್ನಂತೂ ಯಾರಿಂದಲೂ ಉಳಿಸಲು ಆಗುತ್ತಿರಲಿಲ್ಲ.

ಮರೆವು ಕಾಣಿಸಿಕೊಂಡು ಒಂದೂವರೆ ವರ್ಷವಾಗಿತ್ತು. ಕೇಳಿದ್ದನ್ನೇ ಮತ್ತೆ ಕೇಳುವುದು, ಕಟ್ಟಿದ ಬಿಲ್ಲನ್ನೇ ಮತ್ತೊಮ್ಮೆ ಕಟ್ಟುವುದು ಶುರುವಾಗಿತ್ತು. ಬದುಕಿಡೀ ಅಂಕಿಗಳ ಜೊತೆ ಇದ್ದವರು ಚಿಲ್ಲರೆ ಲೆಕ್ಕಕ್ಕೆ ತಡವರಿಸುವುದನ್ನು ನೋಡಿದಾಗ ಮಗ ಹೆದರಿದರು. ನರತಜ್ಞರು ನೆನಪು, ಯೋಚನೆಯ ಶಕ್ತಿ ಅಳೆಯುವ ಮೋಕಾ ಪರೀಕ್ಷೆ ಮಾಡಿದಾಗ 30ಕ್ಕೆ 21 ಬಂತು. 26 ಅಥವಾ ಹೆಚ್ಚು ಬಂದರೆ ಸಾಮಾನ್ಯ ಎಂದು ಲೆಕ್ಕ. ಥೈರಾಯ್ಡ್, ಬಿ12 ಸರಿಯಾಗಿದ್ದವು. ಎಂಆರ್‌ಐಯಲ್ಲಿ ನೆನಪಿಗೆ ಸಂಬಂಧಿಸಿದ ಭಾಗ ಸ್ವಲ್ಪ ಕುಗ್ಗಿದಂತಿತ್ತು. ಅಲ್ಝೈಮರ್‌ನ ಆರಂಭ ಇರಬಹುದು, ಆರು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದರು ನರತಜ್ಞರು.

ಆ ಆರು ತಿಂಗಳು ಸುಮ್ಮನೆ ಕೂರುವುದು ಮಗನಿಂದ ಆಗಲಿಲ್ಲ. ಓದಿದರು, ಚೆನ್ನಾಗಿಯೇ ಓದಿದರು. ನನ್ನ ಬಳಿ ಬಂದಾಗ ಮೂರು ಬೇಡಿಕೆ ತಂದಿದ್ದರು. ಒಸಡಿನ ಬ್ಯಾಕ್ಟೀರಿಯಾ ಇದೆಯಾ ಅಂತ ಜೊಲ್ಲು ಪರೀಕ್ಷೆ ಮಾಡಿಸಬೇಕು. ಅದನ್ನು ಕೊಲ್ಲಲು ದೊಡ್ಡ ಡೋಸಿನ ಆಂಟಿಬಯಾಟಿಕ್ ಕೊಡಬೇಕು. ಹಲ್ಲೆಲ್ಲ ಕಿತ್ತು ಸೆಟ್ ಹಾಕಬೇಕು. ‘ಬೇರನ್ನೇ ತೆಗೆದುಬಿಟ್ರೆ ಆಯ್ತಲ್ವಾ ಡಾಕ್ಟ್ರೇ?’ ಅಂದರು.

ಮಗ ಓದಿದ್ದರಲ್ಲಿ ನಿಜ ಎಷ್ಟು

ತಳ್ಳಿಹಾಕುವಂಥ ವಿಷಯವನ್ನೇನೂ ಅವರು ಹೇಳುತ್ತಿರಲಿಲ್ಲ. ಪಾಕೆಟ್‌ಗಳ ಆಳದಲ್ಲಿ, ಆಮ್ಲಜನಕ ತಲುಪದ ಕಡೆ ಬದುಕುವ ಒಂದು ಬ್ಯಾಕ್ಟೀರಿಯಾ ಇದೆ. ಪೋರ್ಫಿರೋಮೋನಾಸ್ ಜಿಂಜಿವಾಲಿಸ್ ಅಂತ ಹೆಸರು. ಇದು ಜಿಂಜಿಪೇನ್ ಎಂಬ ಕಿಣ್ವಗಳನ್ನು ಬಿಡುತ್ತದೆ. ಅವು ನಮ್ಮ ಪ್ರೋಟೀನುಗಳನ್ನು ತುಂಡರಿಸುತ್ತವೆ, ರೋಗನಿರೋಧಕ ವ್ಯವಸ್ಥೆಯ ದಾರಿ ತಪ್ಪಿಸುತ್ತವೆ. ಒಸಡು ಊದಿಕೊಂಡಿದ್ದಾಗ ಅಗಿಯುವಾಗಲೂ ಹಲ್ಲುಜ್ಜುವಾಗಲೂ ಬ್ಯಾಕ್ಟೀರಿಯಾ ಸ್ವಲ್ಪ ಸ್ವಲ್ಪ ರಕ್ತಕ್ಕೆ ಸೇರುತ್ತದೆ. ಇಲ್ಲಿಯವರೆಗೆ ತಕರಾರಿಲ್ಲ.

2013ರಲ್ಲಿ ಬ್ರಿಟನ್ನಿನ ಸೆಂಟ್ರಲ್ ಲಂಕಾಷೈರ್ ವಿಶ್ವವಿದ್ಯಾಲಯದ ತಂಡ, ಅಲ್ಝೈಮರ್‌ನಿಂದ ತೀರಿಕೊಂಡ 10 ಜನರ ಮೆದುಳನ್ನು ಪರೀಕ್ಷಿಸಿತು. 4 ಜನರಲ್ಲಿ ಈ ಬ್ಯಾಕ್ಟೀರಿಯಾದ ಹೊರಕವಚದ ಅಂಶ ಸಿಕ್ಕಿತು. ದೊಡ್ಡ ಸುದ್ದಿಯಾದದ್ದು 2019ರ ಜನವರಿಯಲ್ಲಿ. ಸ್ಟೀಫನ್ ಡೊಮಿನಿ ಮತ್ತು ಜೊತೆಗಾರರ ಲೇಖನ ಸೈನ್ಸ್ ಅಡ್ವಾನ್ಸಸ್ ಪತ್ರಿಕೆಯಲ್ಲಿ ಬಂತು. ಪರೀಕ್ಷಿಸಿದ ಅಲ್ಝೈಮರ್ ಮೆದುಳಿನ ಮಾದರಿಗಳಲ್ಲಿ 90 ಶೇಕಡಕ್ಕೂ ಹೆಚ್ಚಿನವುಗಳಲ್ಲಿ ಜಿಂಜಿಪೇನ್ ಇತ್ತು. ಇಲಿಗಳ ಬಾಯಿಗೆ ಬ್ಯಾಕ್ಟೀರಿಯಾ ಹಾಕಿದಾಗ ಅದು ಮೆದುಳು ಮುಟ್ಟಿತು, ಅಲ್ಲಿ ಅಮಿಲಾಯ್ಡ್ (ಅಲ್ಝೈಮರ್ ಮೆದುಳಲ್ಲಿ ಕಟ್ಟಿಕೊಳ್ಳುವ ಪ್ರೋಟೀನು) ಹೆಚ್ಚಾಯಿತು. ಜಿಂಜಿಪೇನ್ ತಡೆಯುವ ಔಷಧ ಕೊಟ್ಟಾಗ ಕಡಿಮೆಯಾಯಿತು. ಈ ಕಥೆಗೆ ಹೊಂದುವ ಇನ್ನೊಂದು ಸಂಗತಿ 2010ರಷ್ಟು ಹಿಂದೆಯೇ ಸಿಕ್ಕಿತ್ತು. ಅಮಿಲಾಯ್ಡ್‌ಗೆ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಗುಣ ಇದೆ ಎಂದು ರಾಬರ್ಟ್ ಮೊಯಿರ್ ಮತ್ತು ರುಡಾಲ್ಫ್ ಟಾನ್ಝಿ ಅವರ ತಂಡ ತೋರಿಸಿತ್ತು. ಅಂದರೆ ಸೋಂಕು ಬಂದಾಗ ಮೆದುಳು ತನ್ನನ್ನು ಕಾಯಲು ಅಮಿಲಾಯ್ಡ್ ಸುರಿಸುತ್ತಿರಬಹುದು. ಕೇಳಲು ಎಲ್ಲ ಕೂಡಿ ಬಂದ ಹಾಗಿದೆ, ಅಲ್ವಾ?

ನನ್ನ ಅನುಮಾನ ಶುರುವಾಗುವುದೇ ಇಲ್ಲಿ. ಅದೇ ಲೇಖನದಲ್ಲಿ, ಮರೆವಿಲ್ಲದೆ ತೀರಿಕೊಂಡ ಹಲವರ ಮೆದುಳಲ್ಲೂ ಜಿಂಜಿಪೇನ್ ಇತ್ತು, ಪ್ರಮಾಣ ಕಡಿಮೆ ಅಷ್ಟೇ. ಇವರಿಗೂ ಮುಂದೆ ಕಾಯಿಲೆ ಬರುತ್ತಿತ್ತೇನೋ ಎಂದು ಲೇಖಕರು ಅರ್ಥ ಮಾಡಿಕೊಂಡರು. ಬೇರೆಯವರು ಇದನ್ನೇ, ಬ್ಯಾಕ್ಟೀರಿಯಾ ಇದ್ದರೂ ಕಾಯಿಲೆ ಬಾರದಿರಬಹುದು ಎಂದು ಓದಬಹುದು. ರಕ್ತದಲ್ಲಿರುವುದು ಮೆದುಳಿಗೆ ನುಗ್ಗದಂತೆ ಕಾಯುವ ತಡೆ, ಹಾಳಾದ ಮೆದುಳಲ್ಲಿ ಸೋರುತ್ತದೆ. ಆಗ ಒಳಗೆ ಬಂದದ್ದೆಲ್ಲ ಕಾರಣ ಆಗಬೇಕಿಲ್ಲ, ಪರಿಣಾಮವೂ ಆಗಿರಬಹುದು. ಇನ್ನೊಂದು, ಲೇಖಕರಲ್ಲಿ ಮುಖ್ಯರಾದವರು ಆ ಔಷಧ ತಯಾರಿಸುತ್ತಿದ್ದ ಕಾರ್ಟೆಕ್ಸೈಮ್ ಕಂಪನಿಯವರು. ಅದರಿಂದ ಫಲಿತಾಂಶ ಸುಳ್ಳಾಗುವುದಿಲ್ಲ. ಓದುವಾಗ ನೆನಪಿಟ್ಟುಕೊಳ್ಳಬೇಕು, ಅಷ್ಟೇ.

ಜನರ ಮೇಲಿನ ಅಧ್ಯಯನಗಳಲ್ಲೂ ಇದೇ ಇಕ್ಕಟ್ಟು. ತೈವಾನಿನ ವಿಮಾ ದಾಖಲೆಗಳನ್ನು ಬಳಸಿದ 2017ರ ಅಧ್ಯಯನವನ್ನು ಎಲ್ಲರೂ ಎತ್ತಿಹೇಳುತ್ತಾರೆ. 10 ವರ್ಷ ಒಸಡಿನ ಕಾಯಿಲೆ ಇದ್ದವರಿಗೆ ಅಲ್ಝೈಮರ್ ಬರುವ ಅಪಾಯ ಸುಮಾರು 1.7 ಪಟ್ಟು ಎಂದು ಅದು ಹೇಳಿತು. ಆದರೆ ಒಸಡಿನ ಕಾಯಿಲೆಯವರನ್ನೆಲ್ಲ ಒಟ್ಟಾಗಿ ನೋಡಿದಾಗ ಅಂಥ ವ್ಯತ್ಯಾಸ ಕಾಣಲಿಲ್ಲ. ಆ ಸಾಲನ್ನು ಯಾರೂ ಹಂಚಿಕೊಳ್ಳುವುದಿಲ್ಲ. ಅಲ್ಝೈಮರ್‌ನ ಬದಲಾವಣೆಗಳು ಲಕ್ಷಣ ಕಾಣುವ 15, 20 ವರ್ಷ ಮೊದಲೇ ಮೆದುಳಲ್ಲಿ ಶುರುವಾಗುತ್ತವೆ. ಆ ಅವಧಿಯಲ್ಲಿ ಮನುಷ್ಯ ತನ್ನ ಬಗ್ಗೆ ತಾನು ತೆಗೆದುಕೊಳ್ಳುವ ಕಾಳಜಿ ಮೆಲ್ಲಗೆ ಸಡಿಲವಾಗುತ್ತದೆ. ಹಲ್ಲುಜ್ಜುವುದು ಅರ್ಧಂಬರ್ಧ ಆಗುತ್ತದೆ. ಹಾಗಾದರೆ ಯಾವುದರಿಂದ ಯಾವುದು? ಸಕ್ಕರೆ ಕಾಯಿಲೆ, ಸಿಗರೇಟು ಎರಡೂ ಕಾಯಿಲೆಗಳನ್ನು ಹೆಚ್ಚಿಸುತ್ತವೆ ಎಂಬ ತೊಡಕು ಬೇರೆ ಇದೆ.

ಇದನ್ನೆಲ್ಲ ಹೇಳಿದಾಗ ಮಗ ಔಷಧದ ಪ್ರಯೋಗದ ವಿಷಯ ತೆಗೆದರು. ಒಳ್ಳೆಯ ಪ್ರಶ್ನೆ. ಜಿಂಜಿಪೇನ್ ತಡೆಯುವ ಅಟುಝಾಜಿನ್‌ಸ್ಟಾಟ್ ಎಂಬ ಮಾತ್ರೆಯನ್ನು ಅಲ್ಝೈಮರ್‌ನ ಮೊದಲ ಮತ್ತು ಮಧ್ಯದ ಹಂತದಲ್ಲಿದ್ದ 643 ಜನರ ಮೇಲೆ 48 ವಾರ ಪರೀಕ್ಷಿಸಿದರು. 2021ರ ಅಕ್ಟೋಬರ್‌ನಲ್ಲಿ ಫಲಿತಾಂಶ ಬಂತು. ನೆನಪಿನ ಅಂಕದಲ್ಲೂ ದಿನನಿತ್ಯದ ಕೆಲಸ ಮಾಡುವ ಶಕ್ತಿಯಲ್ಲೂ ಔಷಧದ ಮಾತ್ರೆಗೂ ಔಷಧವಿಲ್ಲದ ಬರೀ ಮಾತ್ರೆಗೂ ವ್ಯತ್ಯಾಸ ಇರಲಿಲ್ಲ. ಕೆಲವರ ಪಿತ್ತಜನಕಾಂಗದ ಕಿಣ್ವಗಳು ಏರಿದವು. 2022ರ ಆರಂಭದಲ್ಲಿ ಅಮೆರಿಕದ ಔಷಧ ನಿಯಂತ್ರಕರು ತಡೆ ಹಾಕಿದರು.

‘ಆದ್ರೆ ಜೊಲ್ಲಿನಲ್ಲಿ ಬ್ಯಾಕ್ಟೀರಿಯಾ ಇದ್ದವರಲ್ಲಿ ಮರೆವು 57 ಪರ್ಸೆಂಟ್ ನಿಧಾನ ಆಯ್ತಂತಲ್ಲ?’ ಅಂದರು ಮಗ. ಹೌದು, ಜಾಸ್ತಿ ಡೋಸ್ ತೆಗೆದುಕೊಂಡವರಲ್ಲಿ, ನೆನಪಿನ ಅಂಕದಲ್ಲಿ ಹಾಗೆ ಕಂಡಿತ್ತು. ಒಟ್ಟು ಪ್ರಯೋಗ ಸೋತ ಮೇಲೆ ಒಂದು ಒಳಗುಂಪಿನಲ್ಲಿ ಕಾಣುವ ಗೆಲುವನ್ನು ಹೊಸ ಪ್ರಶ್ನೆ ಎಂದು ತೆಗೆದುಕೊಳ್ಳಬೇಕು, ಉತ್ತರ ಎಂದಲ್ಲ. ಅದೇ ಪ್ರಶ್ನೆ ಹಿಡಿದು ಇನ್ನೊಂದು ಕಂಪನಿ ಆಮೇಲೆ ಕೆಲಸ ಮುಂದುವರಿಸಿದೆ. ಈ ತಾಯಿಗೆ ಕೊಡಲು ಅಂಥ ಮಾತ್ರೆಯೇನೂ ನಮ್ಮ ಕೈಯಲ್ಲಿ ಇರಲಿಲ್ಲ.

ಮೂರು ಬೇಡಿಕೆಗಳ ತೀರ್ಮಾನ

ಜೊಲ್ಲು ಪರೀಕ್ಷೆಯ ತೀರ್ಮಾನ ಬೇಗ ಆಯಿತು. ಬ್ಯಾಕ್ಟೀರಿಯಾ ಇದೆ ಅಂತ ಬಂದರೆ ಏನು ಮಾಡುತ್ತೇವೆ? ಒಸಡಿನ ಚಿಕಿತ್ಸೆ. ಇಲ್ಲ ಅಂತ ಬಂದರೆ? 7 ಮಿಲಿಮೀಟರ್ ಪಾಕೆಟ್ ಕಣ್ಣೆದುರೇ ಇದೆಯಲ್ಲ, ಆಗಲೂ ಅದೇ ಚಿಕಿತ್ಸೆ. ಒಸಡು ಚೆನ್ನಾಗಿರುವ ಎಷ್ಟೋ ಜನರ ಬಾಯಲ್ಲೂ ಈ ಬ್ಯಾಕ್ಟೀರಿಯಾ ಸಿಗುತ್ತದೆ. ಉತ್ತರ ಯಾವುದೇ ಬಂದರೂ ನಾವು ಮಾಡುವುದು ಬದಲಾಗದಿದ್ದರೆ ಆ ಪರೀಕ್ಷೆ ಬೇಡ.

ಆಂಟಿಬಯಾಟಿಕ್ ವಿಷಯದಲ್ಲಿ ಮಗ ಸ್ವಲ್ಪ ಹಟ ಹಿಡಿದರು. ಹಲ್ಲಿನ ಮೇಲಿನ ಪಾಚಿಯೊಳಗೆ ಬ್ಯಾಕ್ಟೀರಿಯಾ ಅಂಟಿನ ಪದರ ಕಟ್ಟಿಕೊಂಡು ಕೂತಿರುತ್ತದೆ. ಮಾತ್ರೆ ಅಲ್ಲಿಗೆ ಸರಿಯಾಗಿ ಇಳಿಯುವುದಿಲ್ಲ. ಕೈಯಿಂದ ಕೆರೆದೇ ತೆಗೆಯಬೇಕು. ಒಸಡಿನ ಕೆಲವು ಪ್ರಕರಣಗಳಲ್ಲಿ ಕ್ಲೀನಿಂಗ್ ಜೊತೆಗೆ ಮೆಟ್ರೊನಿಡಜೋಲ್ ಕೊಡುವುದುಂಟು. ತಿಂಗಳುಗಟ್ಟಲೆ ಕೊಟ್ಟರೆ ಅದು ನರಗಳಿಗೇ ತೊಂದರೆ ಮಾಡಬಲ್ಲದು. ಮರೆವು ಇರುವವರಿಗೆ ಇದು ಬೇಕಾ? ಡಾಕ್ಸಿಸೈಕ್ಲಿನ್ ಮತ್ತು ರಿಫಾಂಪಿಸಿನ್ ಎಂಬ ಎರಡು ಆಂಟಿಬಯಾಟಿಕ್‌ಗಳನ್ನು ಅಲ್ಝೈಮರ್ ರೋಗಿಗಳಿಗೆ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2013ರಲ್ಲಿ ಬಂದಿದೆ, ಲಾಭ ಕಾಣಲಿಲ್ಲ. ಅದನ್ನು ಹೇಳಿದ ಮೇಲೆ ಅವರು ಒಪ್ಪಿದರು.

ಹಲ್ಲೆಲ್ಲ ಕೀಳಿಸುವ ವಿಷಯ ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ನಮ್ಮ ವೈದ್ಯಕೀಯದಲ್ಲಿ ಇದಕ್ಕೊಂದು ಕೆಟ್ಟ ಇತಿಹಾಸ ಇದೆ. ಅಮೆರಿಕದ ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯನ್ನು 1907ರಿಂದ ನಡೆಸಿದ ಹೆನ್ರಿ ಕಾಟನ್ ಎಂಬ ವೈದ್ಯನಿಗೆ, ಮಾನಸಿಕ ಕಾಯಿಲೆಗೆಲ್ಲ ಎಲ್ಲೋ ಅಡಗಿರುವ ಸೋಂಕೇ ಮೂಲ ಎಂಬ ನಂಬಿಕೆ. ರೋಗಿಗಳ ಹಲ್ಲು ಕೀಳಿಸಿದ. ಗುಣವಾಗದಿದ್ದರೆ ಟಾನ್ಸಿಲ್, ಆಮೇಲೆ ಕರುಳಿನ ಭಾಗ. ಎಷ್ಟೋ ಜನ ಸತ್ತರು. ಗುಣಪಡಿಸಿದೆ ಎಂದು ಅವನು ಕೊಟ್ಟ ಲೆಕ್ಕಗಳು ಮರುಪರಿಶೀಲನೆಯಲ್ಲಿ ನಿಲ್ಲಲಿಲ್ಲ. ಈ ಕಥೆಯನ್ನು ಮಗನಿಗೆ ಹೇಳಿದೆ. ಹೆದರಿಸಲು ಹೇಳಿದ್ದಲ್ಲ. ‘ಸೋಂಕಿನ ಬೇರು ಕೀಳುವುದು’ ಎಂಬ ಯೋಚನೆ ಎಷ್ಟು ಆಕರ್ಷಕ ಎಂಬುದು ಅವರಿಗೂ ಕಾಣಲಿ ಅಂತ.

ದಿನನಿತ್ಯದ ಕಾರಣಗಳೂ ಇದ್ದವು. ಸೆಟ್ ಹಾಕಿಕೊಂಡು ಅಗಿಯುವುದನ್ನು, ಮಾತಾಡುವುದನ್ನು ಹೊಸದಾಗಿ ಕಲಿಯಬೇಕು. ಹೊಸದು ಕಲಿಯುವ ಶಕ್ತಿಯೇ ಕುಗ್ಗುತ್ತಿರುವಾಗ ಅದು ತುಂಬ ಕಷ್ಟ. ಮರೆವು ಹೆಚ್ಚಾದವರು ಸೆಟ್ ಎಲ್ಲೋ ಇಟ್ಟು ಕಳೆಯುತ್ತಾರೆ, ಕೊನೆಗೆ ಹಾಕಿಕೊಳ್ಳುವುದನ್ನೇ ಬಿಡುತ್ತಾರೆ. ಇಷ್ಟು ಮಾಡಿದ ಮೇಲೂ ಬ್ಯಾಕ್ಟೀರಿಯಾ ನಾಲಿಗೆಯ ಮೇಲೆ ಉಳಿದುಕೊಳ್ಳಬಹುದು.

ನಾವಿಬ್ಬರೂ ಇಷ್ಟು ಹೊತ್ತು ಮಾತಾಡುತ್ತಿದ್ದುದನ್ನು ತಾಯಿ ಕೇಳಿಸಿಕೊಳ್ಳುತ್ತಿದ್ದರು. ಅವರ ಕಡೆ ತಿರುಗಿ ಕೇಳಿದೆ: ‘ಅಮ್ಮಾ, ನಿಮಗೇನು ಅನಿಸುತ್ತೆ?’ ತಡಮಾಡದೆ ಹೇಳಿದರು: ‘ಅಲ್ಲಾಡೋದನ್ನ ತೆಗೀರಿ. ಗಟ್ಟಿ ಇರೋದನ್ನ ಯಾಕೆ ತೆಗೀತೀರಿ? ಮರೆವು ಹಲ್ಲಿಂದ ಬಂತೋ ಇಲ್ವೋ, ಹಲ್ಲಂತೂ ನಂದು.’ ಅಲ್ಲಿಗೆ ಆ ಚರ್ಚೆ ಮುಗಿಯಿತು. ಮರೆವಿನ ಆರಂಭದಲ್ಲಿರುವವರು ತಮ್ಮ ವಿಷಯ ತಾವು ತೀರ್ಮಾನಿಸಬಲ್ಲರು. ಎದುರಿಗೇ ಕೂತಿದ್ದರೂ ಅವರನ್ನು ಕೇಳುವವರು ಕಡಿಮೆ.

ಒಣಗಿದ ಬಾಯಿ

ಈ ಪ್ರಕರಣದ ದಿಕ್ಕು ಬದಲಾದದ್ದು ಬ್ಯಾಕ್ಟೀರಿಯಾದ ಚರ್ಚೆಯಿಂದಲ್ಲ. ಪರೀಕ್ಷೆ ಮಾಡುವಾಗ ಬಾಯಿಯ ಕನ್ನಡಿ ಕೆನ್ನೆಯ ಒಳಭಾಗಕ್ಕೆ ಅಂಟಿಕೊಳ್ಳುತ್ತಿತ್ತು. ಜೊಲ್ಲೇ ಇರಲಿಲ್ಲ. ಒಸಡು ಇಳಿದ ಕಡೆ ಹಲ್ಲಿನ ಬೇರಿನ ಮೇಲೆ ಹೊಸ ಹುಳುಕು ಕಾಣುತ್ತಿತ್ತು. ಸಕ್ಕರೆ ಕಾಯಿಲೆಯಿಂದ ಬಾಯಿ ಒಣಗುವುದುಂಟು, ಇಷ್ಟು ಅಲ್ಲ. ಯಾವ ಮಾತ್ರೆ ತಗೊಳ್ತೀರಿ ಅಂತ ಕೇಳಿದರೆ ಮಗ ‘ಶುಗರ್, ಬಿಪಿ ಅಷ್ಟೇ’ ಅಂದರು. ನರತಜ್ಞರಿಗೂ ಅವರು ಅದನ್ನೇ ಹೇಳಿದ್ದರು.

ಮುಂದಿನ ಸಲ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಬನ್ನಿ ಅಂದೆ. ಸೊಸೆ ತಂದರು. ಅದರಲ್ಲಿ ಇನ್ನೆರಡು ಮಾತ್ರೆ ಇದ್ದವು. ಒಂದು ಆಕ್ಸಿಬ್ಯುಟಿನಿನ್. ಮೂತ್ರ ತಡೆಯಲಾಗದೆ ಅವಸರವಾಗುವ ತೊಂದರೆಗೆ ಬೇರೊಬ್ಬ ವೈದ್ಯರು ಎರಡು ವರ್ಷದ ಹಿಂದೆ ಬರೆದುಕೊಟ್ಟದ್ದು. ಮಗನ ಮುಂದೆ ಹೇಳಲು ಸಂಕೋಚ, ಸೊಸೆಗೆ ಮಾತ್ರ ಗೊತ್ತಿತ್ತು. ಇನ್ನೊಂದು ಶೀತ, ಅಲರ್ಜಿಗೆ ಕೊಡುವ ಹಳೆಯ ಕಾಲದ ಮಾತ್ರೆ. ನಿದ್ದೆ ಬರುತ್ತದೆ ಅಂತ ರಾತ್ರಿ ರಾತ್ರಿ ತಗೊಳ್ಳುತ್ತಿದ್ದರು.

ಎರಡೂ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುವಂಥವು. ಜೊಲ್ಲು ಸುರಿಯಲು ಅದು ಬೇಕು. ನೆನಪಿಗೂ ಬೇಕು. ಅಲ್ಝೈಮರ್‌ಗೆ ಕೊಡುವ ಡೊನೆಪೆಜಿಲ್‌ನಂಥ ಮಾತ್ರೆಗಳು ಇದೇ ರಾಸಾಯನಿಕವನ್ನು ಉಳಿಸಿಕೊಳ್ಳಲು ಹೆಣಗುತ್ತವೆ. ಅಂದರೆ ಬಾಯಿ ಹಾಳಾಗಲೂ ಮನಸ್ಸು ಮಬ್ಬಾಗಲೂ ಈ ಮಾತ್ರೆಗಳ ಪಾಲಿರಬಹುದಿತ್ತು. ಬಾಯಿಗೂ ಮರೆವಿಗೂ ನಂಟಿದೆ ಎಂಬ ಮಗನ ಊಹೆ ಇಷ್ಟರ ಮಟ್ಟಿಗೆ ಸರಿಯೇ. ನಂಟು ಮಾತ್ರ ಅವರು ಹುಡುಕುತ್ತಿದ್ದ ಕಡೆ ಇರಲಿಲ್ಲ.

ಇನ್ನೊಬ್ಬ ವೈದ್ಯರು ಕೊಟ್ಟ ಮಾತ್ರೆಯನ್ನು ಹಲ್ಲಿನ ಡಾಕ್ಟರು ನಿಲ್ಲಿಸಬಾರದು. ನರತಜ್ಞರಿಗೂ ಮಾತ್ರೆ ಬರೆದವರಿಗೂ ಪತ್ರ ಬರೆದೆ. ಮೂತ್ರದ ತೊಂದರೆಗೆ ಬೇರೆ ರೀತಿ ಕೆಲಸ ಮಾಡುವ ಮಿರಾಬೆಗ್ರಾನ್‌ಗೆ ಬದಲಾಯಿಸಿದರು. ಅದು ಬಿಪಿ ಏರಿಸಬಹುದು, ಹಾಗಾಗಿ ಬಿಪಿ ಮೇಲೆ ಕಣ್ಣಿಟ್ಟರು. ನಿದ್ದೆಯ ಮಾತ್ರೆ ನಿಂತಿತು. ನರತಜ್ಞರು ಫೋನ್ ಮಾಡಿ ಇನ್ನೊಂದು ಮಾತು ಹೇಳಿದರು, ನನ್ನ ಯೋಜನೆ ರೂಪುಗೊಂಡದ್ದು ಅದರ ಮೇಲೆ: ‘ನೀವು ಏನು ಮಾಡಬೇಕು ಅಂತಿದ್ದೀರೋ ಈ ವರ್ಷವೇ ಮಾಡಿ. ಮುಂದೆ ಇವರು ಬಾಯಿ ತೆಗೆದು ಕೂರದೇ ಇರಬಹುದು.’

ಒಸಡು ಸರಿಮಾಡಿದರೆ ನೆನಪು ಉಳಿಯುತ್ತದೆ ಎಂದು ಮಗ ಬಂದಿದ್ದರು. ನಾನು ಅವಸರ ಮಾಡಿದ್ದು ನೆನಪು ಇರುವಾಗಲೇ ಒಸಡು ಸರಿಮಾಡಬೇಕು ಎಂದು.

ಮಾಡಿದ್ದು

ಉಳಿಸಲಾಗದ ಎರಡು ಹಲ್ಲು ಕಿತ್ತೆವು. ಉಳಿದವಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಬಾಯಿಯ ಒಂದೊಂದೇ ಭಾಗವನ್ನು ಬೇರಿನವರೆಗೆ ಕ್ಲೀನ್ ಮಾಡಿದೆವು. ಬೆಳಗ್ಗೆ, ಅವರ ತಲೆ ಚುರುಕಾಗಿರುವ ಹೊತ್ತಿನಲ್ಲಿ, ಚಿಕ್ಕ ಚಿಕ್ಕ ಭೇಟಿ. ಪ್ರತಿ ಸಲ ಅದೇ ಕುರ್ಚಿ, ಅದೇ ಸಹಾಯಕಿ. ಹುಳುಕು ತಡೆಯಲು ಫ್ಲೋರೈಡ್ ಜಾಸ್ತಿ ಇರುವ ಪೇಸ್ಟ್. ಇದರಲ್ಲಿ ವಿಶೇಷ ಏನೂ ಇಲ್ಲ.

ಕಷ್ಟವಾದದ್ದು ಮನೆಯ ಕೆಲಸ. ಒಸಡಿನ ಚಿಕಿತ್ಸೆ ಉಳಿಯುವುದು ದಿನಾ ಮನೆಯಲ್ಲಿ ಮಾಡುವ ಕೆಲಸದಿಂದ. ಅದು ನಡೆಯುವುದು ನೆನಪಿನ ಮೇಲೆ. ಮೊದಲು ಒಂದು ಪಟ್ಟಿ ಮಾಡಿಕೊಟ್ಟೆವು: ಬೆಳಗ್ಗೆ, ರಾತ್ರಿ, ಹಲ್ಲಿನ ಸಂದಿ, ಮಾಡಿದ ಮೇಲೆ ಗುರುತು ಹಾಕಿ. ಪಟ್ಟಿ ತುಂಬ ಅಚ್ಚುಕಟ್ಟಾಗಿ ತುಂಬಿಕೊಂಡು ಬಂತು, ಬಾಯಲ್ಲಿ ಪಾಚಿ ಮಾತ್ರ ಹಾಗೇ ಇತ್ತು. ಲೆಕ್ಕಪತ್ರದವರು ಖಾಲಿ ಮನೆ ಬಿಡುವುದುಂಟೆ! ಉಜ್ಜಿದ್ದು ನೆನಪಿಲ್ಲದಿದ್ದರೂ ಉಜ್ಜಿರಬೇಕು ಎಂದುಕೊಂಡು ಗುರುತು ಹಾಕುತ್ತಿದ್ದರು. ಸುಳ್ಳು ಹೇಳುವ ಉದ್ದೇಶ ಅಲ್ಲಿರಲಿಲ್ಲ. ಮರೆವು ಇರುವವರ ಕೈಯಲ್ಲಿ ಪಟ್ಟಿ ಕೊಟ್ಟರೆ ನಮಗೆ ಸಿಗುವುದು ಹೀಗೇ ತುಂಬಿದ ಪಟ್ಟಿ.

ಆಮೇಲೆ ಮೊಬೈಲ್ ಅಲಾರಂ ಇಟ್ಟರು. ಅದು ಬಡಿದಾಗ ಆಫ್ ಮಾಡಿ ಕೂರುತ್ತಿದ್ದರು. ಸೊಸೆ ತಾನೇ ಉಜ್ಜಲು ಹೋದಾಗ ‘ನಾನೇನು ಮಗುನಾ?’ ಅಂತ ಜಗಳ. ಕೊನೆಗೆ ದಾರಿ ತೋರಿಸಿದ್ದು ಸೊಸೆಯೇ. ರಾತ್ರಿ ಇಬ್ಬರೂ ಒಟ್ಟಿಗೆ ಕನ್ನಡಿ ಮುಂದೆ ನಿಂತು ಉಜ್ಜುವುದು. ಅತ್ತೆ ನೋಡಿ ಮಾಡುತ್ತಾರೆ, ಯಾರೂ ಹೇಳಿಕೊಡಬೇಕಿಲ್ಲ. ಎಲ್ಲ ಮುಗಿದ ಮೇಲೆ ಹಿಂದಿನ ಹಲ್ಲುಗಳ ಸಂದಿಯನ್ನು ಮಾತ್ರ ಸಣ್ಣ ಬ್ರಷ್‌ನಿಂದ ಸೊಸೆ ತೆಗೆಯುವುದು. ‘ಅತ್ತೆ, ಅದು ನಿಮ್ಮ ಕೈಗೆ ಎಟುಕಲ್ಲ’ ಎಂಬ ನೆಪ ಸಾಕಾಯಿತು. ನಾವು ಕೊಟ್ಟ ಸಲಹೆಗಳಿಗಿಂತ ಇದು ಎಷ್ಟೋ ಪಾಲು ಚೆನ್ನಾಗಿ ನಡೆಯಿತು. ಇದನ್ನು ಈಗ ಬೇರೆ ಕುಟುಂಬಗಳಿಗೂ ಹೇಳುತ್ತೇನೆ.

ಇದೇ ಅವಧಿಯಲ್ಲಿ ಕಿವಿಯ ಪರೀಕ್ಷೆಯೂ ಆಯಿತು. ಹೇಳಿದ್ದನ್ನು ಎರಡೆರಡು ಸಲ ಕೇಳುತ್ತಿದ್ದುದರಲ್ಲಿ ಒಂದು ಪಾಲು ಕಿವಿ ಮಂದವಾದದ್ದು. ಶ್ರವಣ ಸಾಧನ ಹಾಕಿದರು. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗದ 2024ರ ವರದಿ ಡಿಮೆನ್ಶಿಯಾದ ಅಪಾಯ ತಗ್ಗಿಸಲು ನಾವು ಬದಲಿಸಬಹುದಾದ 14 ಅಂಶಗಳನ್ನು ಪಟ್ಟಿ ಮಾಡಿದೆ. ಕಿವಿ ಕೇಳಿಸದಿರುವುದು, ಸಕ್ಕರೆ ಕಾಯಿಲೆ, ಬಿಪಿ ಅದರಲ್ಲಿವೆ. ಒಸಡಿನ ಕಾಯಿಲೆ ಇಲ್ಲ. ಒಸಡಿನ ಡಾಕ್ಟರಾಗಿ ಇದನ್ನು ಹೇಳಲು ನನಗೇನೂ ಬೇಜಾರಿಲ್ಲ.

ಆದದ್ದು

ಮೂರು ತಿಂಗಳಿಗೆ ಒಸಡು ಗುರುತು ಸಿಗದಷ್ಟು ಬದಲಾಗಿತ್ತು. ರಕ್ತ ಬರುವ ಜಾಗಗಳು ಬೆರಳೆಣಿಕೆಗೆ ಇಳಿದವು. ಬಹುತೇಕ ಪಾಕೆಟ್‌ಗಳು 4 ಮಿಲಿಮೀಟರ್ ಅಥವಾ ಕಡಿಮೆ. ಹಿಂದಿನ ಕೆಲವು ದವಡೆ ಹಲ್ಲುಗಳಲ್ಲಿ 5 ಉಳಿದಿತ್ತು. ಬಾಯಿಗೆ ಜೊಲ್ಲು ಮರಳಿತ್ತು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 8.1ರಿಂದ 7.4ಕ್ಕೆ ಬಂತು. ಒಸಡಿನ ಚಿಕಿತ್ಸೆಯಿಂದ ಅದು ಸರಾಸರಿ 0.4ರಷ್ಟು ಇಳಿಯುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರ ಇದೆ. ಉಳಿದದ್ದು ಸಕ್ಕರೆ ಮಾತ್ರೆ ಸರಿಹೊಂದಿಸಿದ್ದರಿಂದ ಇರಬೇಕು.

ಆರು ತಿಂಗಳಿಗೆ ನರತಜ್ಞರ ಬಳಿ ಮೋಕಾ 24 ಬಂತು. ಮಗ ಖುಷಿಯಲ್ಲಿ ನೇರ ನಮ್ಮಲ್ಲಿಗೆ ಬಂದರು. ‘ನೋಡಿ ಡಾಕ್ಟ್ರೇ, ನಾನು ಹೇಳ್ಲಿಲ್ವಾ? ಒಸಡು ಸರಿಯಾಯ್ತು, ಮರೆವೂ ಇಳೀತು!’

ಹೌದು ಅನ್ನುವುದು ಆಗ ಬಹಳ ಸುಲಭವಿತ್ತು. ನಮ್ಮ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಜಾಹೀರಾತು ಎಲ್ಲಿ ಸಿಗುತ್ತದೆ? ಆದರೆ ಆ ಆರು ತಿಂಗಳಲ್ಲಿ ಎರಡು ಮಾತ್ರೆ ನಿಂತಿದ್ದವು. ಸಕ್ಕರೆ ಹತೋಟಿಗೆ ಬಂದಿತ್ತು. ಕಿವಿ ಕೇಳುತ್ತಿತ್ತು. ಅದೇ ಥರದ ಪರೀಕ್ಷೆ ಎರಡನೇ ಸಲ ಬರೆದರೆ ಒಂದೆರಡು ಅಂಕ ಹಾಗೇ ಬರುವುದೂ ಉಂಟು. ಇಷ್ಟರಲ್ಲಿ ಯಾರಿಗಾದರೂ ಶ್ರೇಯಸ್ಸು ಕೊಡಲೇಬೇಕಾದರೆ ಮೊದಲು ನಿಂತ ಮಾತ್ರೆಗಳಿಗೆ ಕೊಡುತ್ತೇನೆ ಅಂತ ಹೇಳಿದೆ. ಒಸಡಿಗೆ ಕೊಡಲು ನನ್ನ ಬಳಿ ಆಧಾರ ಇರಲಿಲ್ಲ. ಈ ಸುಧಾರಣೆ ಉಳಿಯದೇ ಇರಬಹುದು ಎಂದೂ ಹೇಳಿದೆ. ಮಗನ ಮುಖ ಸಪ್ಪಗಾಯಿತು.

ಮುಂದಿನ ವರ್ಷ ಅಂಕ 22 ಆಯಿತು, ಆಮೇಲೆ 20. ಮಬ್ಬು ಸರಿದ ಮೇಲೆ ಅಡಿಯಲ್ಲಿದ್ದ ಕಾಯಿಲೆ ಕಂಡಿತು. ಬೆನ್ನುಹುರಿಯ ನೀರಿನ ಪರೀಕ್ಷೆಯಲ್ಲಿ ಅಲ್ಝೈಮರ್ ಖಚಿತವಾಯಿತು. ಅಷ್ಟೂ ಕಾಲ ಅವರ ಒಸಡು ಚೆನ್ನಾಗಿಯೇ ಇತ್ತು. ಹಾಗಂತ ಬ್ಯಾಕ್ಟೀರಿಯಾದ ಊಹೆ ಸುಳ್ಳು ಎಂದು ಈ ಒಬ್ಬರಿಂದ ಹೇಳಲಾಗದು. ಆ ಊಹೆ ನಿಜವಾಗಿದ್ದರೂ ಹಾನಿ ಇಪ್ಪತ್ತು ವರ್ಷ ಮೊದಲೇ ಶುರುವಾಗಿರಬಹುದು. 68ರಲ್ಲಿ ಕ್ಲೀನಿಂಗ್ ಮಾಡಿಸಿದರೆ ಅದು ಹಿಂದಕ್ಕೆ ಹೋಗುವುದಿಲ್ಲ. ಆರು ತಿಂಗಳಲ್ಲಿ ಮೂರು ಅಂಕ ಏರಿದ್ದು ಸಾಕ್ಷಿಯಲ್ಲ ಎಂದವನು ಎರಡು ವರ್ಷದಲ್ಲಿ ಇಳಿದದ್ದನ್ನೂ ಸಾಕ್ಷಿ ಎನ್ನಬಾರದಲ್ಲ.

‘ಹಾಗಾದ್ರೆ ಇಷ್ಟೆಲ್ಲ ಮಾಡಿದ್ದು ಸುಮ್ನೆನಾ?’ ಮಗ ಕೇಳಿದರು. ಸೊಸೆ ನನಗಿಂತ ಮೊದಲೇ ಉತ್ತರ ಕೊಟ್ಟರು. ಅತ್ತೆ ನೋವಿಲ್ಲದೆ ಊಟ ಮಾಡುತ್ತಾರೆ, ಬಾಯಿ ವಾಸನೆ ಹೋಗಿದೆ, ಮಧ್ಯರಾತ್ರಿ ಹಲ್ಲುನೋವು ಅಂತ ಒಂದು ಸಲವೂ ಎದ್ದಿಲ್ಲ. ನಾನು ಸೇರಿಸಿದ್ದು ಇಷ್ಟೇ: ಅಂದು ಅವರು ಬಾಯಿ ತೆಗೆದು ಕೂರುತ್ತಿದ್ದರು, ಎಲ್ಲಿ ನೋವು ಅಂತ ಬೆರಳಿಟ್ಟು ತೋರಿಸುತ್ತಿದ್ದರು. ಈಗ ಹತ್ತು ನಿಮಿಷಕ್ಕೆ ಎದ್ದು ಹೊರಡುತ್ತಾರೆ. ಆ ದೊಡ್ಡ ಕೆಲಸ ಇನ್ನು ಆಗುವಂಥದ್ದಲ್ಲ.

ಈಗ ನಡೆಯುತ್ತಿರುವುದು

ಈ ಪ್ರಕರಣದ ನಂತರ ನಮ್ಮಲ್ಲಿ ಒಂದು ಕ್ರಮ ಬಂದಿದೆ. ಮರೆವು ಇರುವವರು ಒಸಡಿನ ತೊಂದರೆಗೆ ಬಂದರೆ ಬ್ಯಾಕ್ಟೀರಿಯಾದ ಮಾತಿಗೆ ಮೊದಲು ಮಾತ್ರೆಗಳ ಚೀಲ ನೋಡುತ್ತೇವೆ. ಮೂತ್ರದ ಮಾತ್ರೆ, ನಿದ್ದೆ ಮಾತ್ರೆ, ಅಂಗಡಿಯಲ್ಲಿ ಕೇಳಿ ತಂದ ಮಾತ್ರೆ ಎಂದು ಒಂದೊಂದಾಗಿ ಹೆಸರಿಸಿ ಕೇಳುತ್ತೇವೆ, ಮನೆಯವರು ಆಚೆ ಹೋದ ಮೇಲೆ ಇನ್ನೊಮ್ಮೆ ಕೇಳುತ್ತೇವೆ. ಮನೆಯಲ್ಲಿ ರಾತ್ರಿ ಜೊತೆಗೆ ನಿಂತು ಉಜ್ಜುವವರು ಯಾರು ಎಂಬುದು ತೀರ್ಮಾನವಾಗದೆ ಕ್ಲೀನಿಂಗ್ ಶುರು ಮಾಡುವುದಿಲ್ಲ.

ಆ ತಾಯಿಗೆ ಈಗ ಎರಡು ತಿಂಗಳಿಗೊಮ್ಮೆ ಸಣ್ಣ ಭೇಟಿ. ಆಳವಾದ ಕ್ಲೀನಿಂಗ್ ಬಿಟ್ಟು, ಕಾಣುವ ಪಾಚಿ ತೆಗೆದು, ಫ್ಲೋರೈಡ್ ಹಚ್ಚಿ ಕಳಿಸುತ್ತೇವೆ. ಅಂಕ 22 ಇದ್ದಾಗಲೇ, ಮುಂದೆ ಏನು ಬೇಕು, ಏನು ಬೇಡ ಎಂದು ಅವರನ್ನೇ ಕೇಳಿ ಬರೆದಿಟ್ಟುಕೊಂಡಿದ್ದೇವೆ. ನೋವಿರುವ ಹಲ್ಲನ್ನು ತೆಗೆಯಬಹುದು. ದೊಡ್ಡ ಆಪರೇಷನ್ ಬೇಡ. ಸೆಟ್ ಬೇಡ. ಕೈಕಾಲು ಹಿಡಿದುಕೊಂಡು ಯಾವ ಚಿಕಿತ್ಸೆಯನ್ನೂ ಮಾಡಬಾರದು. ಅವರ ಸಹಿ ಇರುವ ಆ ಕಾಗದದ ಒಂದೊಂದು ಪ್ರತಿ ನರತಜ್ಞರ ಬಳಿ ಮತ್ತು ಮಗನ ಬಳಿ ಇದೆ.

ಮಗ ಹೊಸ ಜಿಂಜಿಪೇನ್ ಔಷಧದ ಸುದ್ದಿಯನ್ನು ಈಗಲೂ ಕಳಿಸುತ್ತಿರುತ್ತಾರೆ. ಓದಿ, ಎಷ್ಟು ಜನರ ಮೇಲೆ ಮಾಡಿದ್ದು, ಯಾವುದಕ್ಕೆ ಹೋಲಿಸಿದ್ದು ಎಂದು ಉತ್ತರ ಬರೆಯುತ್ತೇನೆ. ಹೋದ ಸಲ ಅವರು ತಮ್ಮ ಒಸಡನ್ನೇ ತೋರಿಸಲು ಬಂದಿದ್ದರು. ವಯಸ್ಸು 44, ಎರಡು ಕಡೆ 5 ಮಿಲಿಮೀಟರ್ ಪಾಕೆಟ್, ಸಿಗರೇಟಿನ ಅಭ್ಯಾಸ. ಕ್ಲೀನಿಂಗ್ ಶುರು ಮಾಡಿದ್ದೇವೆ. ಸಿಗರೇಟಿನ ಮಾತು ಇನ್ನೂ ನಡೆಯುತ್ತಿದೆ.